ದೋಣಿಯ ಬುಡದ ಎರಡು ತಗ್ಗು

ಬಸಲಿಂಗಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶೆಡ್ಡಿನವರೆಲ್ಲ ಹೇಳುತ್ತಿದ್ದರು. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಹದಿನಾರು ವರ್ಷ ತಗಡಿನ ಮಾಡಿನ ಕೆಳಗೆ ನಿಂತು, ಗಾಜಿನ ನೂಲು ಮೈಗೆಲ್ಲ ಚುಚ್ಚಿಸಿಕೊಂಡು, ರೆಸಿನ್ ವಾಸನೆಯನ್ನೇ ಊಟದ ಜೊತೆ ನುಂಗಿ ಬದುಕಿದವರಿಗೆ ಸಿಟ್ಟು ಬರದೆ ಸಂಗೀತ ಬರುತ್ತದೆಯೇ? ನಾನು ಹೇಳುವುದಾದರೆ ಅವಳಿಗೆ ಬಂದ ಸಿಟ್ಟು ಕಡಿಮೆಯೇ ಆಯಿತು.

ಅವಳ ತವರು ರಾಯಚೂರು ಸೀಮೆಯ ದೇವದುರ್ಗ. ಹದಿನೆಂಟಕ್ಕೆ ಮದುವೆಯಾಗಿ ಹೈದರಾಬಾದಿಗೆ ಬಂದಳು. ಗಂಡ ಅಮರೇಶಪ್ಪ ದಿಲ್‌ಸುಖ್‌ನಗರದ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವವನು. ಜಗಳವೆಂದರೆ ಗಾವುದ ದೂರ ಓಡುವ ಮನುಷ್ಯ. ಮನೆ ಮಾತ್ರ ಊರಿನ ಈ ತುದಿ, ಕೂಕಟ್‌ಪಲ್ಲಿಯಲ್ಲಿ. ಅವನು ಎರಡು ಬಸ್ಸು ಬದಲಿಸಿ ಆ ಕಡೆ ಹೋದರೆ ಇವಳು ಒಂದು ಬಸ್ಸು ಹಿಡಿದು ಬಾಲಾನಗರಕ್ಕೆ ಬರುತ್ತಿದ್ದಳು. ಅಲ್ಲಿ ಸಿದ್ದರಾಮಪ್ಪ ಎಂಬ ತಮ್ಮ ಸೀಮೆಯವನೇ ಫೈಬರ್‌ಗ್ಲಾಸ್ ಸಾಮಾನು ಮಾಡುವ ಶೆಡ್ಡು ಹಾಕಿದ್ದ. ಕೂಲರಿನ ಡಬ್ಬಿ, ಬಸ್ಸಿನ ಸೀಟು, ನೀರಿನ ಟಾಕಿ, ಸ್ನಾನದ ತೊಟ್ಟಿ, ಏನು ಕೇಳಿದರೂ ಅಲ್ಲಿ ಆಗುತ್ತಿತ್ತು. ಮೊದಲು ಅಚ್ಚು ಮಾಡುವುದು, ಅಚ್ಚಿಗೆ ಮೇಣ ತಿಕ್ಕುವುದು, ಅದರೊಳಗೆ ಗಾಜುನೂಲಿನ ಹಾಸು ಇಟ್ಟು ರೆಸಿನ್ ಎಂಬ ಅಂಟು ಬಳಿಯುವುದು, ಒಣಗಿದ ಮೇಲೆ ಕಿತ್ತು ತೆಗೆಯುವುದು. ಅಚ್ಚಿನಲ್ಲಿ ಏನಿದೆಯೋ ಅದೇ ಸಾಮಾನಿನಲ್ಲಿ. ಅಚ್ಚಿನಲ್ಲಿ ಒಂದು ಕೂದಲು ಬಿದ್ದಿದ್ದರೆ ಇನ್ನೂರು ತೊಟ್ಟಿಯ ಮೇಲೆ ಇನ್ನೂರು ಕೂದಲು.

ಅಚ್ಚು ತಿಕ್ಕಿ ನಯ ಮಾಡುವುದು ಬಸಲಿಂಗಮ್ಮನ ಕೆಲಸ. ಮೊದಲು ವಾಟರ್ ಪೇಪರ್ ಎಂಬ ಉಜ್ಜುಕಾಗದದಿಂದ, ಆಮೇಲೆ ಹತ್ತಿ ಬಟ್ಟೆಯಿಂದ, ಕೊನೆಗೆ ಬರಿ ಅಂಗೈಯಿಂದ. ಕಣ್ಣಿಗೆ ಕಾಣದ ಉಬ್ಬು ಅವಳ ಅಂಗೈಗೆ ಸಿಗುತ್ತಿತ್ತು. ಒಮ್ಮೆ ತೊಟ್ಟಿಯ ಅಚ್ಚೊಂದನ್ನು ಮುಟ್ಟಿ, ಇದು ಎಡಕ್ಕೆ ಬಾಗಿದೆ, ನೀರು ಒಂದು ಮೂಲೆಯಲ್ಲಿ ನಿಲ್ಲುತ್ತದೆ ಎಂದಳು. ಸಿದ್ದರಾಮಪ್ಪ ನಕ್ಕ. ಮೂರು ತೊಟ್ಟಿ ವಾಪಸ್ಸು ಬಂದಾಗ ನಗು ನಿಂತಿತು. ಅಂದಿನಿಂದ ಅವನು ಕೆಲಸ ಆಗಬೇಕಾದಾಗ ಅವಳನ್ನು ಅಕ್ಕಾ ಎನ್ನುತ್ತಿದ್ದ, ಕೆಲಸ ಮುಗಿದ ಮೇಲೆ ಹೆಸರು ಹಿಡಿದು ಕರೆಯುತ್ತಿದ್ದ.

ತೊಂಬತ್ತಾರರ ತುಫಾನು ಗೋದಾವರಿಯ ಮುಖದ ಊರುಗಳನ್ನು ಒರೆಸಿ ಹಾಕಿದ ಮೇಲೆ ರಾಜಧಾನಿಯಲ್ಲಿ ಕೂತವರಿಗೆಲ್ಲ ಸಮುದ್ರ ನೆನಪಾಯಿತು. ದಡದ ಊರುಗಳ ಯುವಕರಿಗೆ ಪಾರುಗಾಣಿಸುವ ತರಬೇತಿ ಕೊಡಬೇಕು, ಅವರಿಗೆ ಸಣ್ಣ ದೋಣಿ ಬೇಕು ಎಂದು ಒಂದು ಇಲಾಖೆಯವರು ತೀರ್ಮಾನಿಸಿದರು. ಪರದೇಶದಿಂದ ಒಂದು ಮಾದರಿ ದೋಣಿ ತರಿಸಿದರು. ಆಮೇಲೆ ಫೈಲು ಮಲಗಿತು. ಎರಡು ಬೇಸಿಗೆ ಕಳೆದು ಫೈಲು ಎದ್ದಾಗ, ಅದರಂಥವೇ ಇಪ್ಪತ್ತನಾಲ್ಕು ಮಾಡಿಕೊಡಿ ಎಂಬ ಕೆಲಸ ಸಿದ್ದರಾಮಪ್ಪನಿಗೆ ಬಂತು. ಸಮುದ್ರ ಇಲ್ಲಿಂದ ಒಂದು ರಾತ್ರಿಯ ರೈಲಿನಷ್ಟು ದೂರ. ಶೆಡ್ಡಿನಲ್ಲಿ ಅದನ್ನು ಕಂಡವಳು ಒಬ್ಬಳೇ, ಬಸಲಿಂಗಮ್ಮನ ಜೊತೆ ರೆಸಿನ್ ಬಳಿಯುವ ಸುಭದ್ರಾ. ಅವಳದು ಕಾಕಿನಾಡದ ಕಡೆಯ ಮೀನುಗಾರರ ಹಳ್ಳಿ. ತುಫಾನಿನಲ್ಲಿ ಅವಳ ಅಣ್ಣ ಹೋಗಿದ್ದ. ಉಳಿದ ಒಬ್ಬ ತಮ್ಮ ಈ ತರಬೇತಿಗೆ ಹೆಸರು ಕೊಟ್ಟಿದ್ದ. ನಾವು ಮಾಡುವ ದೋಣಿಯಲ್ಲೇ ನನ್ನ ತಮ್ಮ ಕೂರುತ್ತಾನೆ ಅಕ್ಕಾ ಎಂದು ಸುಭದ್ರಾ ತೆಲುಗಿನಲ್ಲಿ ಹೇಳಿದ ದಿನವೇ ಬಸಲಿಂಗಮ್ಮನಿಗೆ ಇದು ತೊಟ್ಟಿಯ ಕೆಲಸವಲ್ಲ ಎಂದು ಖಾತ್ರಿಯಾಯಿತು.

ದೋಣಿಯನ್ನು ನೋಡಿದರೆ ದೋಣಿ ಅನ್ನಿಸುತ್ತಿರಲಿಲ್ಲ. ಹದಿನೇಳು ಅಡಿ ಉದ್ದ, ಅಗಲ ಎರಡಡಿಗಿಂತ ಕಡಿಮೆ, ಮೇಲೆಲ್ಲ ಮುಚ್ಚಿ ನಡುವೆ ಒಬ್ಬ ಮನುಷ್ಯ ಸೊಂಟದವರೆಗೆ ಇಳಿಯುವಷ್ಟು ತೂತು. ಹಳದಿ ಪ್ಲಾಸ್ಟಿಕ್ಕು. ಹೆಸರು ಕಯಾಕ್. ಇಲಾಖೆಯ ಅರಗಿನ ಮುದ್ರೆ ಬಿದ್ದ ಚೀಟಿ ಅದರ ಮೂಗಿಗೆ ಕಟ್ಟಿತ್ತು.

ಲೆಕ್ಕ ನಕ್ಷೆ ನೋಡಲು ಸಿದ್ದರಾಮಪ್ಪ ಜಯತೀರ್ಥಾಚಾರ್ಯರನ್ನು ಕರೆಸಿದ್ದ. ಸರಕಾರಿ ಎಂಜಿನಿಯರ್ ಆಗಿ ನಿವೃತ್ತರಾದವರು, ನಾರಾಯಣಗೂಡದಲ್ಲಿ ಮನೆ. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಬರುತ್ತಿದ್ದರು. ಗ್ರಂಥಾಲಯದಿಂದ ದಪ್ಪ ಪುಸ್ತಕ ತಂದು, ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚುವ ಮೊದಲೇ ಓದಿ ಹೇಳುತ್ತಿದ್ದರು. ಹೇಳುವುದು ಅವರಿಗೆ ಬರುತ್ತಿತ್ತು, ಅದನ್ನು ಒಪ್ಪಬೇಕು.

ಉತ್ತರದ ಹಿಮದ ನಾಡಿನಲ್ಲಿ ಮರವೇ ಇಲ್ಲವಂತೆ. ಸಮುದ್ರ ತಂದು ಎಸೆದ ಕಟ್ಟಿಗೆಯನ್ನು ಆಯ್ದು ಹಂದರ ಕಟ್ಟಿ, ಅದರ ಮೇಲೆ ಸೀಲ್ ಎಂಬ ಪ್ರಾಣಿಯ ಚರ್ಮ ಬಿಗಿದು ಅಲ್ಲಿಯವರು ಈ ದೋಣಿ ಮಾಡಿದರು. ಅಳತೆಗೆ ಪಟ್ಟಿ ಇಲ್ಲ. ಕೂರುವವನು ಕೈ ಚಾಚಿದರೆ ಎಷ್ಟೋ ಅದರ ಮೂರರಷ್ಟು ಉದ್ದ. ಅವನ ಸೊಂಟ, ಅದರ ಪಕ್ಕ ಎರಡು ಮುಷ್ಟಿ ಇಟ್ಟರೆ ಅಷ್ಟು ಅಗಲ. ಅಂಗಿ ಹೊಲಿಸಿದ ಹಾಗೆ ಒಬ್ಬನ ಮೈಗೆ ಒಂದು ದೋಣಿ. ಬುಡ ಕೆಲವು ಕಡೆ ಗುಂಡಗೆ, ಕೆಲವು ಕಡೆ ಮೂಲೆ ಮೂಲೆಯಾಗಿ. ಅದು ಆಯಾ ಊರಿನ ಸಮುದ್ರ ಕೇಳಿದಂತೆ. ಆಮೇಲೆ ಯೂರೋಪಿನವರು ಬಟ್ಟೆ ಮತ್ತು ರಬ್ಬರಿನಲ್ಲಿ ಮಡಚುವ ದೋಣಿ ಮಾಡಿದರು, ರೈಲಿನಲ್ಲಿ ಒಯ್ಯಲೆಂದು. ಅದು ಅಗಲವಾಯಿತು, ಸೋಮಾರಿಯಾಯಿತು. ಆಮೇಲೆ ಪ್ಲೈವುಡ್ ಬಂತು. ಹಲಗೆ ಒಂದೇ ಕಡೆ ಬಾಗುತ್ತದೆ, ಎರಡು ಕಡೆ ಬಾಗುವುದಿಲ್ಲ. ಹಾಗಾಗಿ ದೋಣಿಯ ಹೊಟ್ಟೆಗೆ ಅಂಚುಗಳು ಬಂದವು. ಆಮೇಲೆ ನಮ್ಮ ಫೈಬರ್‌ಗ್ಲಾಸ್. ಅದು ಹೇಳಿದ ಕಡೆಯೆಲ್ಲ ಬಾಗುತ್ತದೆ. ಹಾಗಾಗಿ ಹಿಮದ ನಾಡಿನ ಹಳೆಯ ತೆಳು ಮೈ ತಿರುಗಿ ಬಂತು: ಮೂಗು ಮೇಲೆತ್ತಿ ಅಲೆ ಹತ್ತುವಂತೆ, ಬುಡದ ನಡುಗೆರೆ ತುಸು ಚೂಪಾಗಿ ನೇರ ಓಡುವಂತೆ. ಕೊನೆಗೆ ಬಂದದ್ದು ಈ ಹಳದಿ ಪ್ಲಾಸ್ಟಿಕ್ಕು. ಬಂಡೆಗೆ ಬಡಿದರೂ ಒಡೆಯುವುದಿಲ್ಲ, ಆದರೆ ಬಿಸಿಲಿಗೆ ಮೆತ್ತಗಾಗುತ್ತದೆ.

ಚರ್ಮ ಹೊಲಿಯುತ್ತಿದ್ದವರು ಯಾರು ಎಂದು ಬಸಲಿಂಗಮ್ಮ ಕೇಳಿದಳು. ಹೆಂಗಸರು, ಒಂದು ಹನಿ ನೀರು ಒಳಗೆ ಬರದಂತೆ ಹೊಲಿಯುತ್ತಿದ್ದರು ಎಂದರು ಆಚಾರ್ಯರು. ಆ ಹೆಂಗಸರ ಹೆಸರು ಪುಸ್ತಕದಲ್ಲಿದೆಯೇ ಎಂದಳು. ಅವರು ನಾಲ್ಕು ಹಾಳೆ ಮಗುಚಿ, ಇಲ್ಲ ಎಂದರು. ಪುಸ್ತಕ ಬರೆದವರಿಗೂ ಅವತ್ತು ಅವಳ ಬಾಯಿಂದ ಪ್ರಸಾದ ಸಿಕ್ಕಿತು.

ಡಿಸೆಂಬರ್ ತಿಂಗಳು. ಮಾದರಿಯ ಮೇಲೆಯೇ ಅಚ್ಚು ತೆಗೆಯಬೇಕಿತ್ತು. ದೋಣಿಯನ್ನು ಬೋರಲು ಹಾಕಿ ಬಸಲಿಂಗಮ್ಮ ಮೇಣ ತಿಕ್ಕಲು ಕೂತಳು. ಮೂಗಿನಿಂದ ಶುರು ಮಾಡಿದಳು. ನಡುಗೆರೆ ಅಂಗೈಯ ಕೆಳಗೆ ಚೆನ್ನಾಗಿ ಓಡಿ ಬರುತ್ತಿತ್ತು. ಕೂರುವ ಜಾಗದ ಮುಂದೆ ಇದ್ದಕ್ಕಿದ್ದಂತೆ ಕೈ ಕೆಳಗಿಳಿಯಿತು. ಒಂದು ಗೇಣು ಅಗಲದ ತಗ್ಗು. ಮುಂದೆ ಮತ್ತೆ ಮೇಲೆ, ಕೂರುವ ಜಾಗದ ಹಿಂದೆ ಇನ್ನೊಂದು ತಗ್ಗು. ಎರಡರ ನಡುವೆ ಚೂಪಾಗಿರಬೇಕಾದ ಬುಡ ಸವೆದ ಮೆಟ್ಟಿಲಿನ ಹಾಗೆ ಚಪ್ಪಟೆಯಾಗಿತ್ತು. ಅವಳು ಎದ್ದು ನಿಂತು ಸಿದ್ದರಾಮಪ್ಪನನ್ನು ಕರೆದಳು.

“ಸಾವ್ಕಾರ್ರ, ಇಲ್ಲಿ ಕೈ ಇಡ್ರಿ. ಇದು ಮಾಡಿದ್ದಲ್ಲ, ಆಗಿದ್ದು.”

ಅವನು ಕೈ ಇಟ್ಟ, ಏನೂ ಸಿಗಲಿಲ್ಲ ಎಂದ. ಆಚಾರ್ಯರು ಬಂದು ಕನ್ನಡಕ ಏರಿಸಿ, ಮೂಗಿನಿಂದ ಬಾಲದವರೆಗೆ ದಾರ ಎಳೆದು ಹಿಡಿಸಿದರು. ದಾರದ ಕೆಳಗೆ ಎರಡು ಕಡೆ ಬೆಳಕು ಕಂಡಿತು. ಇಲಾಖೆಯ ಕಂಪೌಂಡಿನಲ್ಲಿ ಈ ದೋಣಿ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಹೈದರಾಬಾದಿನ ಎರಡು ಬೇಸಿಗೆ, ತಲೆಯ ಮೇಲೆ ಸೂರಿಲ್ಲ. ಪ್ಲಾಸ್ಟಿಕ್ಕು ಮೆತ್ತಗಾಗಿ, ತನ್ನ ಭಾರಕ್ಕೆ ತಾನೇ ಕುಸಿದು, ಸ್ಟ್ಯಾಂಡಿನ ಕಂಬಿ ಎರಡು ಕಡೆ ಒಳಗೆ ಒತ್ತಿತ್ತು. ಬಸಲಿಂಗಮ್ಮನ ಕೈ ಹೇಳುವುದು ಖರೆ ಅದ ಎಂದು ಆಚಾರ್ಯರು ಎಲ್ಲರ ಎದುರಿಗೇ ಹೇಳಿದರು.

ಸಿದ್ದರಾಮಪ್ಪ ತಲೆ ಕೆರೆದುಕೊಂಡ. ತಗ್ಗು ಇರುವುದು ಮಾದರಿಯಲ್ಲಿ ಮಾತ್ರವಲ್ಲ, ಇಲಾಖೆಯವರು ಕೊಟ್ಟ ನಕ್ಷೆಯಲ್ಲೂ ಇತ್ತು. ಅವರು ಮಾದರಿಯನ್ನು ಅಳೆದೇ ನಕ್ಷೆ ಬರೆಸಿದ್ದರು. ಎರಡು ತಗ್ಗಿಗೂ ಬಾಣ ಹಾಕಿ, ಓಲಾಡದಂತೆ ಮಾಡಿದ ವಿಶೇಷ ರಚನೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಬ್ಬಿಣದ ಸ್ಟ್ಯಾಂಡು ಮಾಡಿದ ಗಾಯವನ್ನು ಪರದೇಶದ ಜಾಣತನ ಅಂದುಕೊಂಡು, ಅದೇ ಆಕಾರಕ್ಕೆ ಪ್ಲೈವುಡ್ಡಿನ ಅಳತೆಪಟ್ಟಿಯನ್ನೂ ಕತ್ತರಿಸಿ ಇಟ್ಟಿದ್ದರು.

“ಅಕ್ಕಾ, ಅವರು ಮುದ್ರಿ ಹೊಡದು ಕೊಟ್ಟಾರ,” ಎಂದ ಸಿದ್ದರಾಮಪ್ಪ. “ಅದರಾಗ ತಗ್ಗು ಇದ್ರ ನಮ್ಮದರಾಗೂ ತಗ್ಗು ಇರಬೇಕು. ಅಷ್ಟ.”

ಆಚಾರ್ಯರು ಒಂದು ದಾರಿ ಹೇಳಿದರು. ಅಚ್ಚು ಹಾಗೇ ತೆಗೆಯುವುದು, ಒಂದು ದೋಣಿ ಅದರಿಂದ ಮಾಡುವುದು. ಮಾದರಿಯಲ್ಲಿ ತಗ್ಗು ಇದ್ದಲ್ಲಿ ಅಚ್ಚಿನೊಳಗೆ ಉಬ್ಬು ಬರುತ್ತದೆ. ಆ ಉಬ್ಬು ತಿಕ್ಕಿ ತೆಗೆದು ಇನ್ನೊಂದು ದೋಣಿ ಮಾಡುವುದು. ಎರಡನ್ನೂ ಇಲಾಖೆಯ ಸಾಹೇಬರಿಗೆ ತೋರಿಸುವುದು. ಬಸಲಿಂಗಮ್ಮ ಆರು ದಿನ ಅಚ್ಚಿನೊಳಗೆ ಮಲಗಿದಂತೆ ಬಗ್ಗಿ ಎರಡು ಉಬ್ಬುಗಳನ್ನು ತಿಕ್ಕಿದಳು. ನಡುಗೆರೆಯನ್ನು ಅಂಗೈಯಿಂದ ಹುಡುಕಿ ಹುಡುಕಿ ಜೋಡಿಸಿದಳು. ಎಲ್ಲಿ ಎಷ್ಟಿರಬೇಕು ಎಂದು ಆಚಾರ್ಯರ ಪುಸ್ತಕ ಹೇಳಲಿಲ್ಲ. ಮೂಗಿನ ಕಡೆಯಿಂದ ಬರುವ ಗೆರೆ, ಬಾಲದ ಕಡೆಯಿಂದ ಬರುವ ಗೆರೆ ಎಲ್ಲಿ ಕೂಡಬೇಕೆಂದು ಅವೇ ಹೇಳಿದವು.

ಜನವರಿಯಲ್ಲಿ ಹುಸೇನ್ ಸಾಗರದಲ್ಲಿ ಪರೀಕ್ಷೆ. ಸಮುದ್ರದ ದೋಣಿಯ ಪರೀಕ್ಷೆ ಊರ ನಡುವಿನ ಕೆರೆಯಲ್ಲಿ. ಅಲೆ ಎಂಬುದಿಲ್ಲ, ಹಸಿರು ಪಾಚಿ, ಮೂಗು ಬಿಡಲಾಗದ ನಾತ. ಇಲಾಖೆಯ ಉಪನಿರ್ದೇಶಕರು ಇಸ್ತ್ರಿ ಪ್ಯಾಂಟಿನ ಮೇಲೆಯೇ ಲೈಫ್ ಜಾಕೆಟ್ ತೊಟ್ಟು ಬಂದರು. ಮೊದಲು ತಗ್ಗಿನ ದೋಣಿಯಲ್ಲಿ ಕೂತರು. ಅದು ಮಣೆಯ ಹಾಗೆ ಅಲ್ಲಾಡದೆ ನಿಂತಿತು. ಸಾಹೇಬರು ಫೋಟೋಕ್ಕೆ ನಕ್ಕರು. ಆಮೇಲೆ ತಿದ್ದಿದ ದೋಣಿಯಲ್ಲಿ ಕೂತರು. ಅದು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತೂಗಿತು. ಅವರು ಹೌಹಾರಿ ದಡದ ಕಲ್ಲು ಹಿಡಿದುಕೊಂಡರು, ಒಂದು ಬೂಟು ನೀರಿಗಿಳಿಯಿತು. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಆಚಾರ್ಯರು ಮೆತ್ತಗೆ ವಿವರಿಸಲು ಹೋದರು. ನಿಂತ ನೀರಿನಲ್ಲಿ ಚಪ್ಪಟೆ ಬುಡ ಅಲ್ಲಾಡುವುದಿಲ್ಲ ನಿಜ, ಆದರೆ ಸಮುದ್ರದಲ್ಲಿ ನೀರೇ ಓರೆಯಾಗುತ್ತದೆ. ಚಪ್ಪಟೆ ಬುಡ ನೀರಿಗೆ ಅಂಟಿಕೊಂಡು ತಾನೂ ಓರೆಯಾಗಿ ಮಗುಚುತ್ತದೆ. ನಡುಗೆರೆ ಚೂಪಾದ ಗುಂಡು ಬುಡ ಕೂತ ಕೂಡಲೇ ತೂಗುತ್ತದೆ, ಆದರೆ ಅಲೆ ಕೆಳಗೆ ಉರುಳಿ ಹೋದರೂ ಮನುಷ್ಯ ನೆಟ್ಟಗೆ ಉಳಿಯುತ್ತಾನೆ. ಸಾಹೇಬರು ಬೂಟಿನ ನೀರು ಚೆಲ್ಲುತ್ತ ಕೇಳಿದರು. ಕೋಣನ ಮುಂದೆ ಕಿನ್ನರಿ. ಮಾದರಿಯಂತೆಯೇ ಆಗಬೇಕು, ಒಂದು ನೂಲೂ ಹೆಚ್ಚುಕಡಿಮೆ ಆಗಕೂಡದು ಎಂದು ಹೇಳಿ ಜೀಪು ಹತ್ತಿದರು.

ಬಸಲಿಂಗಮ್ಮ ದಡದಲ್ಲಿ ನಿಂತು ನೋಡಿದಳು. ಅವಳ ಮೈಯೆಲ್ಲ ಉರಿಯಿತು. ಆ ಬೂಟಿನ ಒಂದು ಬೊಗಸೆ ನೀರಿಗೋಸ್ಕರ ಸುಭದ್ರಾಳ ತಮ್ಮ ಸಮುದ್ರ ಕುಡಿಯಬೇಕೇ? ದಡದ ಕಲ್ಲು ಹಿಡಿದುಕೊಳ್ಳಲು ಅವನಿಗೆ ಅಲ್ಲಿ ಕಲ್ಲಾದರೂ ಇರುತ್ತದೆಯೇ?

ಮಾದರಿ ಇಲಾಖೆಗೆ ವಾಪಸ್ಸು ಹೋಯಿತು. ಸಿದ್ದರಾಮಪ್ಪ ಅವಳನ್ನು ಕರೆದು, ತೆಗೆದ ಉಬ್ಬುಗಳನ್ನು ಅಚ್ಚಿನೊಳಗೆ ಪುಟ್ಟಿ ಮೆತ್ತಿ ಮತ್ತೆ ಕೂಡಿಸು ಎಂದ. ಅವಳು “ಆತ್ರಿ, ನೋಡ್ತೀನಿ” ಎಂದಳು. ನಮ್ಮ ಕಡೆಯ ಹೆಂಗಸು ನೋಡ್ತೀನಿ ಎಂದರೆ ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ಅದನ್ನು ಮನೆಯಲ್ಲಿ ದಿನಾ ಕೇಳುತ್ತಿದ್ದ ಸಿದ್ದರಾಮಪ್ಪನೇ ಶೆಡ್ಡಿನಲ್ಲಿ ಹೂಂ ಅಂದುಕೊಂಡ. ಮೂರೂವರೆ ತಿಂಗಳಲ್ಲಿ ಇಪ್ಪತ್ತನಾಲ್ಕು ದೋಣಿ ಎದ್ದವು. ಸುಭದ್ರಾ ರೆಸಿನ್ ಬಳಿದಳು, ಬಸಲಿಂಗಮ್ಮ ಪ್ರತಿ ಸಲವೂ ಅಚ್ಚು ತಿಕ್ಕಿದಳು. ಸಿದ್ದರಾಮಪ್ಪ ಮೇಲಿನ ಹೊಳಪು ನೋಡಿದನೇ ಹೊರತು ಬುಡ ನೋಡಲಿಲ್ಲ. ಬುಡ ನೋಡಿದವರು ಆಚಾರ್ಯರು ಒಬ್ಬರೇ. ಒಂದು ಮಧ್ಯಾಹ್ನ ಬೋರಲು ಬಿದ್ದ ದೋಣಿಯ ಮೇಲೆ ಈ ತುದಿಯಿಂದ ಆ ತುದಿಗೆ ಕೈ ಎಳೆದು, ಅವಳ ಮುಖ ನೋಡಿ, ಏನೂ ಅನ್ನದೆ ಹೋಗಿ ಮಜ್ಜಿಗೆ ಕುಡಿದರು. ನಮ್ಮವರೊಬ್ಬರು ಇದ್ದಾರೆ ಎಂದು ಅವಳಿಗೆ ಧೈರ್ಯವಾಯಿತು.

ಮೇ ತಿಂಗಳಲ್ಲಿ ಸಾಹೇಬರು ತಪಾಸಣೆಗೆ ಬಂದರು. ಹಿಂದೆ ಲಾರಿಯಲ್ಲಿ ಮಾದರಿ ದೋಣಿ, ಅದರ ಎರಡು ಕಬ್ಬಿಣದ ಸ್ಟ್ಯಾಂಡು, ಪ್ಲೈವುಡ್ಡಿನ ಅಳತೆಪಟ್ಟಿ, ಇಬ್ಬರು ಗುಮಾಸ್ತರು. ಅಂಗಳದಲ್ಲಿ ಬೋರಲು ಹಾಕಿದ ಮೊದಲ ದೋಣಿಯ ಮೇಲೆ ಅಳತೆಪಟ್ಟಿ ಇಟ್ಟರು. ಕೂರಲಿಲ್ಲ. ಪಟ್ಟಿಯ ಎರಡು ಉಬ್ಬು ದೋಣಿಗೆ ತಾಗಿ, ಉಳಿದ ಕಡೆಯೆಲ್ಲ ಬೆರಳು ತೂರುವಷ್ಟು ಸಂದು ಬಿತ್ತು. ಎರಡನೆಯದಕ್ಕೂ ಹಾಗೇ, ಐದನೆಯದಕ್ಕೂ ಹಾಗೇ. ಸಿದ್ದರಾಮಪ್ಪನ ಮುಖದಲ್ಲಿ ರಕ್ತವಿಲ್ಲ. ಅವನು ತಿರುಗಿ ಬಸಲಿಂಗಮ್ಮನನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಸಾಹೇಬರು ಕುರ್ಚಿ ತರಿಸಿ, ಮೇಜು ತರಿಸಿ, ಇಪ್ಪತ್ತನಾಲ್ಕೂ ತಿರಸ್ಕೃತ ಎಂದು ಬರೆಯಲು ಕೂತರು. ಅಚ್ಚು ಸರಿ ಮಾಡಿ ಮತ್ತೆ ಮಾಡಿಕೊಡಬೇಕು, ಇಲ್ಲವಾದರೆ ಈ ಶೆಡ್ಡಿಗೆ ಇನ್ನು ಯಾವ ಸರಕಾರಿ ಕೆಲಸವೂ ಇಲ್ಲ ಎಂದರು.

ಇನ್ನು ಮಾತಾಡಿ ಉಪಯೋಗವಿರಲಿಲ್ಲ. ಅಲ್ಲಿ ಮಾತು ಕೇಳುವ ಕಿವಿ ಯಾವುದೂ ಇರಲಿಲ್ಲ. ಅಂಗಳದ ಮೂಲೆಯಲ್ಲಿ ಊಟಕ್ಕೆ ಮುಂಚೆ ಎಲ್ಲರೂ ರೆಸಿನ್ ಕೈ ತೊಳೆಯಲೆಂದು ಕಾಯಿಸುವ ಹಂಡೆ ಕುದಿಯುತ್ತಿತ್ತು. ಬಸಲಿಂಗಮ್ಮ ಸುಭದ್ರಾಳನ್ನು ಕರೆದಳು. ಇಬ್ಬರೂ ಮಾದರಿ ದೋಣಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಮೂಗಿನ ಕೆಳಗೊಂದು ಬಾಲದ ಕೆಳಗೊಂದು ಲಾರಿಯ ಹಳೆಯ ಟೈರು ಕೊಟ್ಟು, ನಡುವೆ ಏನೂ ತಾಗದಂತೆ ಬಿಸಿಲಿನಲ್ಲಿ ಮಲಗಿಸಿದರು. ಬೆಳಗಿನಿಂದ ಲಾರಿಯ ಮೇಲೆ ಕಾದ ಪ್ಲಾಸ್ಟಿಕ್ಕು ಮುಟ್ಟಿದರೆ ಸುಡುತ್ತಿತ್ತು. ಏನು ಮಾಡುತ್ತಿದ್ದೀರಿ ಎಂದು ಗುಮಾಸ್ತನೊಬ್ಬ ಕೇಳುವಷ್ಟರಲ್ಲಿ ಮೊದಲ ಕೊಡ ಕುದಿನೀರು ದೋಣಿಯ ತೂತಿನೊಳಗೆ ಬಿದ್ದಿತ್ತು. ಎರಡನೆಯ ಕೊಡ, ಮೂರನೆಯ ಕೊಡ. ಮನೆಯ ಪ್ಲಾಸ್ಟಿಕ್ ಬಕೀಟು ತಗ್ಗಾದರೆ ಯಾವ ಹೆಂಗಸೂ ಮಾಡುವ ಕೆಲಸವೇ ಅದು; ಬಕೀಟು ಮಾತ್ರ ಸ್ವಲ್ಪ ಉದ್ದವಾಗಿತ್ತು.

ಸಾಹೇಬರು ಕುರ್ಚಿಯಿಂದ ಎದ್ದರು. ಸಿದ್ದರಾಮಪ್ಪ ಓಡಿ ಬಂದ. ಅವರು ಹತ್ತಿರ ಬರುವ ಮೊದಲೇ ದೋಣಿಯ ಬುಡದಿಂದ ಟಪ್ ಎಂದು ಸದ್ದು ಬಂತು. ಒಳಗಿನ ನೀರಿನ ಭಾರಕ್ಕೆ, ಬಿಸಿಗೆ, ಮುಂದಿನ ತಗ್ಗು ಹೊರಗೆ ಬಂದುಬಿಟ್ಟಿತು. ಹಿಂದಿನದು ಸ್ವಲ್ಪ ಹಟ ಮಾಡಿತು. ಬಸಲಿಂಗಮ್ಮ ಒದ್ದೆ ಗೋಣಿ ಸುತ್ತಿಕೊಂಡು ಕೈಯನ್ನು ಒಳಗೆ ತೂರಿಸಿ ಒತ್ತಿದಳು. ಟಪ್. ನೀರು ಚೆಲ್ಲಿ ದೋಣಿಯನ್ನು ಬೋರಲು ಹಾಕಿದರು. ನಡುಗೆರೆ ಮೂಗಿನಿಂದ ಬಾಲದವರೆಗೆ ಒಂದೇ ಓಟದಲ್ಲಿ ಓಡಿತ್ತು. ಪರದೇಶದಲ್ಲಿ ಯಾರೋ ಅದನ್ನು ಹಾಗೇ ಮಾಡಿ ಕಳಿಸಿದ್ದರು.

ಅವಳೇ ಅಳತೆಪಟ್ಟಿ ಎತ್ತಿ ಮಾದರಿಯ ಮೇಲೆ ಇಟ್ಟಳು. ಮಾದರಿಗೂ ಕೂರಲಿಲ್ಲ. ಅದೇ ಎರಡು ಕಡೆ ತಾಗಿತು, ಅದೇ ಬೆರಳಗಲದ ಸಂದು ಬಿತ್ತು.

ಸಾಹೇಬರು ಒಮ್ಮೆ ಮಾದರಿ ನೋಡಿದರು, ಒಮ್ಮೆ ಸಾಲಾಗಿ ಬಿದ್ದ ದೋಣಿಗಳನ್ನು ನೋಡಿದರು. ಅವರ ಮುಖ ಕೆಂಪಾಯಿತು. ಸರಕಾರಿ ಸ್ವತ್ತು ಹಾಳು ಮಾಡಿದ್ದೀರಿ, ಪೊಲೀಸರಿಗೆ ಕೊಡುತ್ತೇನೆ ಎಂದು ಕೂಗಾಡಿದರು. ಕೂಗಾಟ ಇಳಿಯುತ್ತ ಬಂದಂತೆ ಅವರಿಗೆ ತಮ್ಮ ಕುತ್ತಿಗೆ ಕಾಣಿಸಿತು. ದೋಣಿ ತಿರಸ್ಕರಿಸಿದರೆ ಕಾರಣ ಬರೆಯಬೇಕು. ಕಾರಣ ಬರೆದರೆ, ಆ ತಗ್ಗು ಎಲ್ಲಿಂದ ಬಂತು, ಮಾದರಿ ಎರಡು ಬೇಸಿಗೆ ಯಾರ ಕಂಪೌಂಡಿನಲ್ಲಿತ್ತು, ನಕ್ಷೆಗೆ ಬಾಣ ಹಾಕಿಸಿದವರು ಯಾರು ಎಂದು ಮೇಲಿನವರು ಕೇಳುತ್ತಾರೆ. ಸಿದ್ದರಾಮಪ್ಪ, ಆಚಾರ್ಯರು, ಸಾಹೇಬರು ಮೂವರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಗೆ ತೀರ್ಮಾನ ಹೊರಬಿತ್ತು. ದೋಣಿಗಳು ಮಾದರಿಯಂತಿವೆ ಎಂದು ಒಪ್ಪಿಗೆ ಕೊಡುವುದು. ಆದರೆ ಮುದ್ರೆ ಬಿದ್ದ ಮಾದರಿಯ ಆಕಾರ ಬದಲಾಗಿದೆಯಲ್ಲ, ಅದಕ್ಕೆ ಫೈಲಿನಲ್ಲಿ ಒಂದು ಕಾಗದ ಬೇಕು. ಬಸಲಿಂಗಮ್ಮ ಕ್ಷಮೆ ಕೇಳಿ ಸಹಿ ಹಾಕಿದರೆ ಸಾಕು. ಅವಳ ಕೆಲಸಕ್ಕೆ ಏನೂ ತೊಂದರೆಯಿಲ್ಲ.

ಸುಭದ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಮ್ಮನ ದೋಣಿ ಉಳಿಯಿತು. ಬಸಲಿಂಗಮ್ಮನಿಗೂ ಎದೆ ಹಗುರಾಯಿತು. ಸಹಿ ತಾನೇ, ಹಾಕಿದರಾಯಿತು ಎಂದು ಮೇಜಿನ ಹತ್ತಿರ ಹೋದಳು. ಕಾಗದ ಇಂಗ್ಲಿಷಿನಲ್ಲಿತ್ತು. ಏನು ಬರೆದಿದೆ ಓದಿ ಹೇಳಿ ಎಂದಳು. ಆಚಾರ್ಯರು ಕನ್ನಡಕ ಒರೆಸಿಕೊಂಡು ಕನ್ನಡದಲ್ಲಿ ಹೇಳಿದರು. ನಾನು ಓದು ಬರಹ ಕಡಿಮೆ ಇರುವ ಕೂಲಿ ಹೆಂಗಸು. ದೋಣಿಯ ವಿಷಯದಲ್ಲಿ ನನಗೆ ತಿಳಿವಳಿಕೆ ಇಲ್ಲ. ತಿಳಿಯದೆ ಅದರಲ್ಲಿ ಬಿಸಿನೀರು ಚೆಲ್ಲಿದ್ದೇನೆ. ನನ್ನ ಅಜ್ಞಾನವನ್ನು ಮನ್ನಿಸಬೇಕು.

“ಇದನ್ನ ಬರದವರು ಯಾರ್ರಿ?” ಎಂದಳು.

ಆಚಾರ್ಯರು ತಡವರಿಸಿದರು. “ಆಕಸ್ಮಿಕ ಅಂತ ಬರೀರಿ ಅಂದ್ರು ಸಾಹೇಬರು. ಮಾತು ನಾ ಕೂಡಿಸಿದೆ. ಹಿಂಗ ಬರದ್ರ ಅವರಿಗೂ ಸಮಾಧಾನ ಆಗ್ತದ, ನಿಮ್ಮ ಕೆಲಸಾನೂ ಉಳೀತದ. ಬರೇ ಕಾಗದ ಅದ, ಬಸಲಿಂಗಮ್ಮ.”

ಸಾಹೇಬರ ಮೇಲೆ ಅವಳಿಗೆ ಇದ್ದದ್ದು ಉರಿಯುವ ಸಿಟ್ಟು. ಇದು ಬೇರೆ. ಇದು ತಣ್ಣಗಿತ್ತು. ಸಾಹೇಬರಿಗೆ ಗೊತ್ತಿರಲಿಲ್ಲ, ಅವರು ಮೂರ್ಖರು, ಮುಗಿಯಿತು. ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು.

“ದಾರ ಹಿಡಿಸಿ ನೋಡಿದವರು ನೀವ. ನನ್ನ ಕೈ ಹೇಳೂದು ಖರೆ ಅಂದವರು ನೀವ. ಈಗ ನನಗ ತಿಳಿವಳಿಕಿ ಇಲ್ಲ ಅಂತ ಬರದವರೂ ನೀವ. ಕ್ಷಮಾ ಬೇಕಾದ್ರ ಹತ್ತು ಸಲ ಕೇಳ್ತೀನಿ ಆಚಾರ್ರ. ತಿಳೀದ ಮಾಡೀನಿ ಅಂತ ಮಾತ್ರ ಸಹಿ ಹಾಕೂದಿಲ್ಲ.”

ಸಿದ್ದರಾಮಪ್ಪ ಅಕ್ಕಾ ಅಕ್ಕಾ ಎಂದು ಕೈ ಮುಗಿದ. ಒಂದು ಶಬ್ದಕ್ಕೆ ಯಾಕೆ ಹಟ, ಹದಿನಾರು ವರ್ಷದ ಕೆಲಸ, ಮನೆ ನೆನಸಿಕೋ ಎಂದ. ಅವಳು ಮನೆ ನೆನಸಿಕೊಂಡಳು. ಅಮರೇಶಪ್ಪ ಅಲ್ಲಿ ಇದ್ದಿದ್ದರೆ ಸಹಿ ಹಾಕು ಮಾರಾಯ್ತಿ ಎನ್ನುತ್ತಿದ್ದ, ಅದೂ ಗೊತ್ತಿತ್ತು. ಆಚಾರ್ಯರ ಕೈಯಿಂದ ಪೆನ್ನು ತೆಗೆದುಕೊಂಡು, ಅವರು ಬರೆದಷ್ಟನ್ನೂ ಹಾಗೇ ಬಿಟ್ಟು, ಅದರ ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಳು: ‘ಆ ತಗ್ಗು ಬಿಸಿಲಿಗೆ ಬಿದ್ದದ್ದು. ತಿಳಿದೇ ತೆಗೆದಿದ್ದೇನೆ. ಬಸಲಿಂಗಮ್ಮ, ದೇವದುರ್ಗ.’

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಎರಡು ಸಾಲು ಯಾಕೆ, ಏನು ಬರೆದಿದ್ದಾಳೆ ಎಂದು ತೆಲುಗಿನಲ್ಲಿ ಕೇಳಿದರು. ಆಚಾರ್ಯರು ನೆಲ ನೋಡುತ್ತ, ಹೆಸರು ಮತ್ತು ಊರು ಸಾರ್ ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ಕಾಗದ ಫೈಲಿಗೆ ಹೋಗುತ್ತಿತ್ತು, ಅವಳು ಸೋಮವಾರ ಕೆಲಸಕ್ಕೆ ಬರುತ್ತಿದ್ದಳು, ಆ ಎರಡು ಸಾಲನ್ನು ಆ ಕಚೇರಿಯಲ್ಲಿ ಯಾರೂ ಯಾವತ್ತೂ ಓದುತ್ತಿರಲಿಲ್ಲ.

“ಹೆಸರು ಊರು ಅಷ್ಟ ಅಲ್ರಿ,” ಎಂದಳು ಬಸಲಿಂಗಮ್ಮ ಆಚಾರ್ಯರಿಗೆ. ಆಮೇಲೆ ಸಾಹೇಬರ ಕಡೆ ತಿರುಗಿ, ಬಸ್ಸಿನಲ್ಲಿ ಕಲಿತ ತನ್ನ ತೆಲುಗಿನಲ್ಲಿ, ತಾನು ಬರೆದದ್ದನ್ನು ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. ಬಿಸಿಲಿಗೆ ಬಿದ್ದದ್ದು ಎಂಬುದನ್ನೂ ಹೇಳಿದಳು, ತಿಳಿದೇ ತೆಗೆದೆ ಎಂಬುದನ್ನೂ ಹೇಳಿದಳು.

ಸಾಹೇಬರು ಕಾಗದ ಹರಿದು ಹಾಕಿದರು. ಹೊಸದೊಂದು ಹಾಳೆ ಎಳೆದುಕೊಂಡು ತಾವೇ ಬರೆದರು: ಇಪ್ಪತ್ತನಾಲ್ಕು ದೋಣಿಗಳು ಮಾದರಿಗೆ ತಕ್ಕಂತಿವೆ, ಒಪ್ಪಿದೆ; ಮಾದರಿಯನ್ನು ಕೆಡಿಸಿದ ಹೆಂಗಸನ್ನು ಇವತ್ತೇ ಕೆಲಸದಿಂದ ತೆಗೆಯತಕ್ಕದ್ದು. ಎರಡಕ್ಕೂ ಸೇರಿ ಕೆಳಗೆ ಒಂದೇ ಸಹಿ ಹಾಕಿದರು. ಸಹಿಯ ಮಸಿ ಆರುವವರೆಗೆ ಬಸಲಿಂಗಮ್ಮ ಅಲ್ಲೇ ನಿಂತು ನೋಡಿದಳು, ಆಮೇಲೆ ಮನೆಗೆ ಹೋದಳು.